ನಿಂತ ತುತ್ತು

“ಗುರುಗಳೇ, ನೀವು ಹೇಳಿಕೊಟ್ಟದ್ದನ್ನೇ ನಾನು ಹೊಸಬರಿಗೆ ಹೇಳಿಕೊಡುತ್ತಿದ್ದೇನೆ. ಒಂದಕ್ಷರ ಆಚೀಚೆ ಆಗಿಲ್ಲ. ಆದರೂ ಅವರ ತಲೆಗೆ ಯಾಕೆ ಹತ್ತುವುದಿಲ್ಲ?” ಎಂದು ಶಿಷ್ಯ ಕೇಳಿದ.

ಆ ವರ್ಷ ಮಠಕ್ಕೆ ಹನ್ನೊಂದು ಮಂದಿ ಹೊಸಬರು ಸೇರಿದ್ದರು. ಅವರಿಗೆ ಪಾಠ ಹೇಳುವ ಕೆಲಸ ಈ ಶಿಷ್ಯನ ಪಾಲಿಗೆ ಬಂದು ಮೂರು ತಿಂಗಳಾಗಿತ್ತು. ಪಾಠ ಹೇಳುವಾಗ ತೂಕಡಿಸುತ್ತಾರೆ, ಪಾಠ ಮುಗಿದ ಮೇಲೆ ತಮ್ಮತಮ್ಮಲ್ಲೇ ಕಚ್ಚಾಡುತ್ತಾರೆ, ಇಬ್ಬರಂತೂ ಗಂಟು ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದಾರೆ ಎಂದು ಅವನು ದೂರಿದ. ಹೇಳುವಾಗ ಅವನಿಗೆ ಅಳು ಬಂತು. ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ನೆಲ ತಗ್ಗಿನದು, ಸದಾ ಜೌಗು. ಅಲ್ಲಿ ಜೊಂಡು ಬಿಟ್ಟು ಬೇರೇನೂ ಬೆಳೆಯುತ್ತಿರಲಿಲ್ಲ. ಹಾಗಾಗಿ ಕೊಳ ತೋಡಿ ಗೆಂಡೆ ಮೀನು ಸಾಕಿದ. ಗೆಂಡೆ ಸಾಧು. ತೌಡು, ಶೇಂಗಾ ಹಿಂಡಿ ಕಲಸಿ ಸುರಿದರೆ ತಾನೇ ತಿಂದುಕೊಂಡು ಕೊಬ್ಬುತ್ತದೆ. ರೈತ ದಿನಾ ಬೆಳಗ್ಗೆ ಏರಿಯ ಮೇಲೆ ನಿಂತು ಬುಟ್ಟಿ ಕೊಡವುತ್ತಿದ್ದ, ಹಿಂದೆ ತಿರುಗಿ ನೋಡದೆ ಮನೆಗೆ ಹೋಗುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಇಪ್ಪತ್ತೊಂದನೆಯ ವರ್ಷ ಅವನಿಗೆ ಕೊರವ ಮೀನಿನ ಆಸೆ ಹುಟ್ಟಿತು. ಕೊರವ ಬೇಟೆಯ ಮೀನು. ಅದಕ್ಕೆ ಹಲ್ಲೂ ಉಂಟು, ಹಟವೂ ಉಂಟು. ಸಂತೆಗೆ ತಂದರೆ ಜನ ಮುಗಿಬಿದ್ದು ಕೊಳ್ಳುತ್ತಾರೆ. ರೈತ ಗೆಂಡೆಯನ್ನೆಲ್ಲ ಹಿಡಿದು ತೆಗೆದು, ಮುನ್ನೂರು ಕೊರವದ ಮರಿಗಳನ್ನು ಬಿಟ್ಟ. ಆ ಕೊಳವೊಂದೇ ನಮ್ಮ ಅನ್ನ, ಗೊತ್ತಿಲ್ಲದ ಮೀನಿನ ಸಹವಾಸ ಯಾಕೆ ಎಂದು ಹೆಂಡತಿ ಕೇಳಿದಳು. ಮೀನು ಮೀನೇ, ಉಣ್ಣುವ ಬಾಯಿ ಎಲ್ಲಕ್ಕೂ ಒಂದೇ ಎಂದು ಅವನು ಅದೇ ಹಳೆಯ ಬುಟ್ಟಿ ಎತ್ತಿಕೊಂಡ.

ಕೊರವ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ನೀರಿನ ಮೇಲೆ ಕಾಣುವ ಆ ಬಾಯಿಗಳು ದಿನೇ ದಿನೇ ಕಡಿಮೆಯಾಗುತ್ತಿವೆ ಎಂದು ಮೊದಲು ಗಮನಿಸಿದವಳು ಬಟ್ಟೆ ಒಗೆಯಲು ಬಂದ ಹೆಂಡತಿ. ರೈತ ಬಲೆ ಎಳೆದು ನೋಡಿದ. ಅರ್ಧಕ್ಕರ್ಧ ಮೀನು ಮಾಯವಾಗಿದ್ದವು. ಅವನಿಗೆ ಎದೆ ಒಡೆದಂತಾಯಿತು. ಒಂದು ಬುಟ್ಟಿ ಹಾಕುತ್ತಿದ್ದವನು ಎರಡು ಬುಟ್ಟಿ ಹಾಕಿದ. ನೀರು ನಾರತೊಡಗಿತು, ಮೀನು ಇನ್ನೂ ಕಡಿಮೆಯಾದವು. ಇದು ಕೊಕ್ಕರೆಯ ಕೆಲಸ ಎಂದು ತೀರ್ಮಾನಿಸಿ, ಕವಣೆ ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಎಂಟು ದಿನದಲ್ಲಿ ಕೊಕ್ಕರೆಗಳು ಊರು ಬಿಟ್ಟವು. ಮೀನು ಮಾತ್ರ ಕಡಿಮೆಯಾಗುತ್ತಲೇ ಹೋದವು.

ಸಂತೆಗೆ ಮೀನು ಹೊತ್ತು ಹೋಗುವ ಬೆಸ್ತರ ಮುದುಕಿಯೊಬ್ಬಳು ಆ ದಾರಿಯಲ್ಲಿ ಬಂದಳು. ಬರಿಯ ಆಕಾಶಕ್ಕೆ ಕವಣೆ ಗುರಿಯಿಟ್ಟು ಕೂತ ರೈತನನ್ನು ಕಂಡು ಏನು ಸಮಾಚಾರ ಎಂದಳು. ಅವನು ಎಲ್ಲ ಹೇಳಿದ. ಮುದುಕಿ ಕುಕ್ಕೆ ಇಳಿಸಿ, ಬಗ್ಗಿ, ಬಹಳ ಹೊತ್ತು ನೀರನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಏರಿಯ ಮೇಲೆ ಕೂತೇಬಿಟ್ಟಳು.

“ಕಳ್ಳ ಮೇಲಿಲ್ಲ ಕಣಪ್ಪ, ನೀರೊಳಗೇ ಅವ್ನೆ. ಹೊಟ್ಟೆ ಹಸ್ದು ದೊಡ್ಡದು ಚಿಕ್ಕದನ್ನ ನುಂಗ್ತಾ ಅದೆ.”

“ಎರಡೆರಡು ಬುಟ್ಟಿ ಸುರೀತಾ ಇವ್ನಿ ಅಜ್ಜಿ, ಇನ್ನೂ ಹಸಿವಾ?”

“ಓಡೋದನ್ನ ಹಿಡ್ದು ತಿನ್ನೋ ಮೀನು ಇದು. ನಿಂತಿದ್ದು ಅದರ ಕಣ್ಣಿಗೆ ಕಲ್ಲು. ಇಷ್ಟು ದಿನ ನೀನು ಕಲ್ಲು ಬಡಿಸಿದ್ದೀಯ.”

ಮುದುಕಿ ಕುಕ್ಕೆಯಿಂದ ಒಂದು ಸಣ್ಣ ಸತ್ತ ಮೀನು ತೆಗೆದಳು. ಸೆರಗಿನ ಅಂಚಿನಿಂದ ಒಂದೆಳೆ ದಾರ ಕಿತ್ತು, ಮೀನನ್ನು ಸಡಿಲವಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕೋಲಿಗೆ ಸುತ್ತಿದಳು. ನೀರಿಗಿಳಿಸಿ ಮೆಲ್ಲಗೆ ಎಳೆದಳು. ನೀರು ಸೀಳಿಕೊಂಡು ಕೊರವವೊಂದು ನೆಗೆದು ಅದನ್ನು ಕಸಿದುಕೊಂಡು ಹೋಯಿತು. ರೈತ ಹೆದರಿ ಹಿಂದಕ್ಕೆ ಬಿದ್ದ. ಬಿದ್ದಲ್ಲಿಂದಲೇ, ತಿಂಗಳ ಮೇಲೆ ಮೊದಲ ಸಲ, ಅವನೂ ನಕ್ಕ.

ಉಳಿದದ್ದನ್ನು ಮುದುಕಿ ಕೂತಲ್ಲೇ ಹೇಳಿದಳು. ದೊಡ್ಡವನ್ನು ಬೇರೆ ಗುಂಡಿಗೆ ಬಿಡಬೇಕು. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ದಾರ ಎಳೆಯಬೇಕು. ಅವು ಒಗ್ಗಿದಂತೆ ಎಳೆತ ನಿಧಾನ ಮಾಡಬೇಕು. ಕೈ ನಂಬಿದ ಮೇಲೆ ನಿಂತ ತುತ್ತನ್ನೂ ತಿನ್ನುತ್ತವೆ. ಹೀಗೆಂದು ಅವಳು ಕುಕ್ಕೆ ಹೊತ್ತು ಸಂತೆಗೆ ನಡೆದಳು.

ದಾರ ಎಳೆಯಬೇಕಾದರೆ ಕೂರಬೇಕು. ಕೂತರೆ ನೋಡಲೇಬೇಕು. ಇಪ್ಪತ್ತು ವರ್ಷ ಮೀನು ಸಾಕಿದ ರೈತ ತನ್ನ ಮೀನುಗಳನ್ನು ಕಂಡದ್ದು ಈಗಲೇ. ಒಂದು ಬಾಲ ಹರಿದದ್ದು, ಅದು ಸದಾ ಎಡದಿಂದ ಬರುತ್ತದೆ. ಒಂದು ಮಹಾ ಪುಕ್ಕಲು, ಎಲ್ಲರೂ ಹೋದ ಮೇಲೆ ಬರುತ್ತದೆ. ಅದಕ್ಕೆಂದು ಅವನು ಒಂದು ತುತ್ತು ಉಳಿಸಿಕೊಂಡು ಕಾಯುತ್ತಿದ್ದ. ತನಗೇ ತಿಳಿಯದಂತೆ ಅವಕ್ಕೆ ಹೆಸರಿಟ್ಟ. ಮೊಂಡಯ್ಯ ಬಂದ, ನಾಚಿಕೆಮ್ಮ ಇನ್ನೂ ಬರಲಿಲ್ಲ ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. ಮಾರುವುದಕ್ಕೆ ಸಾಕಿದ ಮೀನಿಗೆ ನಾಮಕರಣವೇ ಎಂದು ಊರು ನಕ್ಕಿತು. ಅವನೂ ಊರಿನ ಜೊತೆ ಸೇರಿ ನಕ್ಕ.

ಹೆಂಡತಿ ಮಾತ್ರ ಒಂದು ದಿನ ಮುದ್ದೆ ಬಡಿಸುತ್ತಾ, “ಮೀನಿಗೂ ಹೆಸರಾಯ್ತು. ನಾನು ಮಾತ್ರ ಮದುವೆಯಾದಾಗಿಂದ ‘ಏಯ್, ಇವಳೇ’ ಆಗೇ ಉಳಿದೆ” ಎಂದಳು.

ರೈತನ ಕೈ ಮುದ್ದೆಯಲ್ಲೇ ನಿಂತಿತು. ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಮೀನು ಕಡಿಮೆಯಾಗುವುದು ನಿಂತಿತು. ನೀರು ತಿಳಿಯಾಯಿತು. ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ರೈತ ದಾರ ಕಟ್ಟದೆ, ತುತ್ತನ್ನು ಅಂಗೈಯಲ್ಲಿಟ್ಟು ನೀರಿಗಿಳಿಸಿ ಅಲುಗದೆ ಕೂತ. ಆ ಪುಕ್ಕಲು ಮೀನು ಬಂತು, ನಿಂತಿತು, ನೋಡಿತು. ಆಮೇಲೆ ಅಂಗೈಗೆ ಮೂಗು ತಾಗಿಸಿ ತುತ್ತು ತೆಗೆದುಕೊಂಡಿತು. ಆ ಸಂತೋಷವನ್ನು ಒಬ್ಬನೇ ಹೊರಲು ಅವನಿಂದ ಆಗಲಿಲ್ಲ. ಎದ್ದು ನಿಂತು, ಮನೆಯ ಕಡೆ ತಿರುಗಿ, “ನಿಂಗಾಜೀ” ಎಂದು ಬಯಲು ತುಂಬುವಂತೆ ಕೂಗಿದ. ಆ ಬಾಯಲ್ಲಿ ತನ್ನ ಹೆಸರನ್ನು ಎಂದೂ ಕೇಳಿರದ ನಿಂಗಾಜಮ್ಮ, ಗಂಡ ಕೊಳಕ್ಕೆ ಬಿದ್ದನೆಂದೇ ತಿಳಿದು ಸೌಟು ಹಿಡಿದುಕೊಂಡೇ ಓಡಿ ಬಂದಳು. ವಿಷಯ ತಿಳಿದು ಅದೇ ಸೌಟಿನಿಂದ ಅವನಿಗೆ ಒಂದು ಕೊಟ್ಟಳು. ಇಬ್ಬರೂ ಏರಿಯ ಮೇಲೆ ಕೂತು ಹೊಟ್ಟೆ ತುಂಬ ನಕ್ಕರು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅರ್ಥವಾಯಿತು ಎಂದು ಅವನು ಎದ್ದ. ಪಾಠ ಕಲ್ಲಿನಂತೆ ಕೂತಿರಬಾರದು, ಅದಕ್ಕೆ ಓಡಾಟ ಬೇಕು, ನಾಳೆಯಿಂದ ಹಾಡು ಸೇರಿಸುತ್ತೇನೆ, ಒಗಟು ಸೇರಿಸುತ್ತೇನೆ, ಕೈ ಬಾಯಿ ಆಡಿಸಿ ಹೇಳುತ್ತೇನೆ ಎಂದ.

“ಒಳ್ಳೆಯದು, ದಾರ ಸಿಕ್ಕಿತು. ಈಗ ಆ ಹನ್ನೊಂದು ಮಂದಿಯ ಹೆಸರು ಒಂದೊಂದಾಗಿ ಹೇಳು, ಕೇಳೋಣ” ಎಂದರು ಗುರು.

ಶಿಷ್ಯ ಎರಡು ಹೆಸರು ಹೇಳಿದ, ಮೂರನೆಯವನನ್ನು ‘ಆ ತೂಕಡಿಸುವವನು’ ಎಂದು, ಮತ್ತೆ ಗುರುಗಳ ಹತ್ತಿರ ಕೂತ.