ಏಡಿಯ ಹೊಟ್ಟೆಯ ಬೂಷ್ಟು

ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ ಕಾಲ, ಮಗಾ. ಹಳ್ಳ ಮಾತಾಡುತ್ತಿತ್ತು, ಏಡಿಯೂ ಮಾತಾಡುತ್ತಿತ್ತು. ಸುಮ್ಮನಿರುವುದನ್ನು ಇನ್ನೂ ಯಾರೂ ಕಲಿತಿರಲಿಲ್ಲ.

ಆಗ ಕೆಂಚವ್ವ ಅನ್ನುವವಳು ಮೊಟ್ಟಮೊದಲ ಏಡಿಕೊಳ ತೋಡಿದಳು. ಹಳ್ಳದಿಂದ ಒಂದು ತಾಯಿ ಏಡಿಯನ್ನೂ ಅದರ ಮರಿಗಳನ್ನೂ ತಂದು ಬಿಟ್ಟಳು.

ಕೆಂಚವ್ವ ಒಳ್ಳೆಯವಳೇ, ಆದರೆ ಚೊಕ್ಕಟದ ಹುಚ್ಚು. ಬೆಳಗ್ಗೆ ಎದ್ದವಳೇ ಕೊಳ ಗುಡಿಸುವಳು, ಸುಣ್ಣ ಎರಚುವಳು, ಒಂದು ತರಗೆಲೆ ಬಿದ್ದರೂ ಆಚೆ ಎಸೆಯುವಳು. ತಿನ್ನಲು ತಿಕ್ಕಿ ತೊಳೆದ ಸೊಪ್ಪು, ದಿನವೂ ಅದೇ. ಅತಿಯಾದರೆ ಅಮೃತವೂ ವಿಷ ಅನ್ನುವ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಮರಿಗಳು ತಿಂದವು, ತಿಂದೂ ಬಡಕಲಾದವು. ಕೆಲವು ಏಳಲಾರದೆ ಬಿದ್ದುಕೊಂಡವು. ತಾಯಿಯ ಕರುಳು ಕಿತ್ತು ಬಂತು. ಅದು ಕೊಳದ ಏರಿ ಹತ್ತಿ ಹೋಗಿ, ಮರಿಗಳು ಯಾಕೆ ಹೀಗಾದವು ಅಂತ ಹಳ್ಳವನ್ನು ಕೇಳಿತು.

ಹಳ್ಳ ಹೇಳಿತು: ನನ್ನಲ್ಲಿದ್ದಾಗ ನೀನು ಕೊಳೆತ ಎಲೆ ತಿನ್ನುತ್ತಿದ್ದೆ. ಎಲೆಯ ಜೊತೆ ಬೂಷ್ಟುಗಳೂ ಹೊಟ್ಟೆಗಿಳಿದು ಬಿಡಾರ ಹೂಡುತ್ತಿದ್ದವು. ಬಿಳಿಯದು ನಾರು ಬಿಡಿಸುತ್ತಿತ್ತು, ಕರಿಯದು ತೊಟ್ಟು ಕರಗಿಸುತ್ತಿತ್ತು, ಹಳದಿಯದು ಕೆಟ್ಟದ್ದನ್ನು ಒಳಗೆ ಬಿಡುತ್ತಿರಲಿಲ್ಲ. ಸುಣ್ಣ ಅವನ್ನೆಲ್ಲ ಓಡಿಸಿದೆ. ಈಗ ಸೊಪ್ಪು ಅರಗಿಸುವವರು ಯಾರು?

ಏಡಿ ಒಂದು ಕೊಳೆತ ಎಲೆಯನ್ನು ಕೊಳಕ್ಕೆ ಎಳೆದು ತಂದಿತು. ಕೆಂಚವ್ವ ಎಸೆದಳು. ಮತ್ತೆ ತಂದಿತು. ಮತ್ತೆ ಎಸೆದಳು. ನಮಗಾಗಿ ನೀನ್ಯಾಕೆ ಒದ್ದಾಡುತ್ತೀಯ, ಬಿಟ್ಟುಬಿಡು ಅಂದವು ಎಲೆಯಲ್ಲಿದ್ದ ಬೂಷ್ಟುಗಳು. ಏಡಿ ಕೇಳಲಿಲ್ಲ, ಇನ್ನೂ ದೊಡ್ಡ ಎಲೆ ತಂದಿತು.

ಕೆಂಚವ್ವ ಪೊರಕೆ ಹಿಡಿದು ಬಂದಳು. "ಆ ಹೊಲಸು ಈಚೆ ಹಾಕು. ಕೊಳ ನಂದು."

ಏಡಿ ಇಕ್ಕಳದಂಥ ಎರಡೂ ಕೈ ಎತ್ತಿ ನಿಂತಿತು. "ಕೊಳ ನಿಂದೇ ಇರ್ಬೋದು ಕಣವ್ವ, ಹೊಟ್ಟೆ ನಂದು. ನಿನ್ನ ಚೊಕ್ಕ ನೀರಲ್ಲಿ ನನ್ನ ಮಕ್ಕಳು ಸಾಯ್ತಾ ಅವೆ. ಒಂದು ಬೂಷ್ಟನ್ನೂ ಬಿಟ್ಟುಕೊಡಲ್ಲ. ಮುಟ್ಟಿ ನೋಡು."

ಕೆಂಚವ್ವ ಪೊರಕೆ ಬೀಸಿದಳು. ಏಡಿ ಅದನ್ನು ಕಚಕ್ಕನೆ ಕತ್ತರಿಸಿತು. ಇನ್ನೊಂದು ತಂದಳು, ಅದೂ ಎರಡು ತುಂಡು. ಏಡಿಯದೊಂದು ಕಾಲು ಮುರಿಯಿತು, ಎತ್ತಿದ ಕೈ ಮಾತ್ರ ಇಳಿಯಲಿಲ್ಲ. ಅದರ ಬೆನ್ನ ಹಿಂದೆ ಮರಿಗಳು ಆ ಎಲೆಯನ್ನು ಮುಕ್ಕುತ್ತಲೇ ಇದ್ದವು.

ಹಟ ಬಿಡದ ಕೆಂಚವ್ವ ಮರುದಿನವೂ ಬಂದಳು. ಬಿದ್ದುಕೊಂಡಿದ್ದ ಒಂದು ಮರಿ ಎದ್ದು, ತಾಯಿಯ ಪಕ್ಕ ಬಂದು ಸಾಸಿವೆಯಷ್ಟು ಕೈ ಎತ್ತಿತು. ಇನ್ನೊಂದು ಎತ್ತಿತು. ಆಮೇಲೆ ಅಷ್ಟೂ ಮರಿಗಳು ಎತ್ತಿದವು.

ಕೆಂಚವ್ವ ಏರಿಯ ಮೇಲೆ ಕೂತುಬಿಟ್ಟಳು. "ತಿನ್ನಿ, ನಿಮ್ಮ ಹಟ ಹಾಳಾಗ" ಅಂದಳು. ಆಮೇಲೆ ತಾನೇ ಹೋಗಿ ಒಂದು ತಬ್ಬು ಕೊಳೆತ ಎಲೆ ತಂದು ಕೊಳಕ್ಕೆ ಸುರಿದಳು.

ಅದಕ್ಕೇ ಮಗಾ, ಇವತ್ತಿಗೂ ಏಡಿಯ ಹೊಟ್ಟೆಯಲ್ಲಿ ಬಗೆಬಗೆಯ ಬೂಷ್ಟುಗಳು ಬಾಳುತ್ತವೆ. ನೀನು ಬರಿಗೈಯಲ್ಲಿ ಹತ್ತಿರ ಹೋದರೂ ಅದು ಎರಡೂ ಕೈ ಎತ್ತಿ, ಮುಟ್ಟಿ ನೋಡು ಅಂತ ನಿಲ್ಲುತ್ತದೆ.