ಕೆಂಪರೆ ಬೆಟ್ಟಕ್ಕೆ ಕ್ಯಾಮೆರಾ ಹೊತ್ತ ಸಿಂಗ್ರ

ಈ ಸೀಮೆಗೆ ಮೊಟ್ಟಮೊದಲು ಕ್ಯಾಮೆರಾ ತಂದವನು ನಾನು. ಓಡೋ ಮೊಲದ ಪಟ ತೆಗೆದರೆ ಅದು ಪಟದೊಳಗೂ ಓಡ್ತಿತ್ತು. ತಪ್ಪಿಸ್ಕೊಂಡು ಹೋಗದಂಗೆ ನಾಲ್ಕು ಮೂಲೆಗೂ ಮೊಳೆ ಹೊಡೀಬೇಕಾಗಿತ್ತು. ಒಂದ್ಸಲ ಮಿಂಚಿನ ಪಟ ತೆಗೆದು ಗೋಡೆಗೆ ಹಾಕಿದ್ದೆ, ತಿಂಗಳುಗಟ್ಟಲೆ ಮನೇಲಿ ದೀಪ ಹಚ್ಚಲಿಲ್ಲ. ಸುಳ್ಳು ಅನ್ನೋರು ಆಗ ಕಣ್ಣಾರೆ ನೋಡಿದವರನ್ನ ಕೇಳ್ಕೊಳ್ಳಿ. ಅವರೆಲ್ಲ ಹೋಗಿಬಿಟ್ಟರು, ಉಳಿದಿರೋನು ನಾನೊಬ್ಬನೇ.

ಹೋಟ್ಲು ಪುಟ್ಟಗೌರಿ ಆಗಲೇ ನಗ್ತಾ ಇದ್ದಾಳೆ. ನಗು ತಾಯಿ, ಲೋಟ ಮಾತ್ರ ತುಂಬ್ಸು.

ಆ ಕಾಲದಲ್ಲಿ ನಮ್ಮೂರಲ್ಲಿ ದುಂಡಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಸಿಂಗ್ರ. ಮೈ ನೋಡಿದ್ರೆ ಎತ್ತು, ಬುದ್ಧಿ ಕರುವಿನಷ್ಟೂ ಇಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ‘ಹಾಲು ಉಕ್ಕೀತು, ನೋಡ್ತಾ ಇರು’ ಅಂದ್ರೆ, ಉಕ್ಕಿ, ಚೆಲ್ಲಿ, ಒಲೆ ಆರೋ ಗಂಟ ಕಣ್ಣು ಮಿಟುಕಿಸದೆ ನೋಡ್ತಾ ಕೂತಿರೋನು.

ದುಂಡಮ್ಮನ ತವರು ಕೆಂಪರೆ ಬೆಟ್ಟದ ಮೇಲೆ. ಅಲ್ಲಿ ಮನೆ ಎದುರಿಗೇ ಆನೆ ಬೆನ್ನಿನಂಥ ಒಂದು ಕೆಂಪು ಬಂಡೆ. ಅದರ ಮೇಲೆ ಜಾರಿ ಜಾರಿ ಲಂಗ ಹರ್ಕೊಂಡು ಬೆಳೆದವಳು ಅವಳು. ಮದುವೆಯಾಗಿ ಕೆಳಗಿಳಿದಳು. ಮಂಡಿ ಹಿಡ್ಕೊಂಡಿತು, ಹತ್ತಕ್ಕಾಗಲಿಲ್ಲ. ಮೇಲಿದ್ದ ತಂಗಿ ಚಿಕ್ಕತಾಯಿಗೂ ಮಂಡಿ ಹಿಡ್ಕೊಂಡಿತು, ಇಳಿಯಕ್ಕಾಗಲಿಲ್ಲ. ನಮ್ಮೂರಿಂದ ಬೆಟ್ಟ ಎಂಟು ಮೈಲಿ. ದುಂಡಮ್ಮ ದಿನಾ ಬೆಳಗೆದ್ದು ಹಿತ್ತಲಲ್ಲಿ ನಿಂತು ಆ ನೀಲಿ ಗುಪ್ಪೆ ನೋಡೋಳು. ಈಗ ಕಣ್ಣಿಗೂ ಪೊರೆ ಬರ್ತಾ ಇತ್ತು. ಆ ಗುಪ್ಪೆಯೂ ದಿನದಿಂದ ದಿನಕ್ಕೆ ಕರಗ್ತಾ ಇತ್ತು.

ಒಂದಿನ ನನ್ನ ಹತ್ರ ಬಂದಳು. “ಅಪ್ಪಯ್ಯಾ, ನಿನ್ನ ಆ ಡಬ್ಬಿ ಕೊಡು. ಕಣ್ಣು ಪೂರಾ ಹೋಗೋದ್ರೊಳಗೆ ಆ ಬಂಡೆ ಒಂದ್ಸಲ ನೋಡ್ಬೇಕು. ಮಗ ಹೋಗಿ ಪಟ ತೆಗೆದು ತರ್ತಾನೆ.”

ನಾನು ಉದಾರಿ. ಹನ್ನೆರಡು ಪಟದ ರೋಲು ಹಾಕಿ ಕ್ಯಾಮೆರಾ ಕೊಟ್ಟೆ. ಎಲ್ಲಿ ಕಣ್ಣಿಡಬೇಕು, ಎಲ್ಲಿ ಒತ್ತಬೇಕು, ಸಿಂಗ್ರನಿಗೆ ತೋರಿಸ್ದೆ.

ದುಂಡಮ್ಮ ಅಂದಳು, “ಬೆಟ್ಟ ಇಡೀ ಬರ್ಬೇಕು ಕಣ್ಮಗಾ. ಬುಡದಿಂದ ತುದಿ ಗಂಟ. ಒಂದ್ಚೂರೂ ಬಿಟ್ಟೋಗ್ಬಾರ್ದು!”

“ಹೂಂ ಕಣವ್ವಾ,” ಅಂದ. ಹೊರಟ.

ಬೆಟ್ಟದ ಬುಡದಲ್ಲಿ ನಿಂತು ಕಣ್ಣಿಟ್ಟ. ಅರ್ಧ ಬೆಟ್ಟ ಕಾಣ್ತು. ಹತ್ತು ಹೆಜ್ಜೆ ಹಿಂದಕ್ಕೆ ಹೋದ. ತುದಿ ಸಿಕ್ತು, ಎಡಮಗ್ಗುಲು ಹೋಯ್ತು. ಇನ್ನೂ ಹಿಂದಕ್ಕೆ ಹೋದ. ಎಡಮಗ್ಗುಲು ಸಿಕ್ತು, ಬಲಮಗ್ಗುಲು ಹೋಯ್ತು. ಕಣ್ಣು ತೆಗೀಲಿಲ್ಲ, ಬೆನ್ನು ತಿರುಗಿಸಲಿಲ್ಲ, ಹಿಂದಕ್ಕೆ, ಹಿಂದಕ್ಕೆ! ಕಾಲುವೆ ದಾಟಿದ. ಕಬ್ಬಿನ ಗದ್ದೆ ದಾಟಿದ. ಎದುರಿಗೆ ಬಂದ ಗಾಡಿಯವನಿಗೂ ಬೆನ್ನು ತೋರಿಸ್ಕೊಂಡೇ ದಾರಿ ಬಿಟ್ಟ. ಎಂಟು ಮೈಲಿ ನಡೆದು ಬೆನ್ನಿಗೆ ಏನೋ ಧಡ್ ಅಂತ ತಾಗಿದಾಗ, “ಈಗ ಪೂರಾ ಬಂತು!” ಅಂತ ಒತ್ತಿದ. ತಾಗಿದ್ದು ಅವರ ಮನೆ ಗೋಡೆ.

ನಾನೇ ಪಟ ತೊಳೆದೆ. ದುಂಡಮ್ಮ ಮೂಗಿನ ಹತ್ರ ಹಿಡ್ಕೊಂಡು ನೋಡಿದಳು. ಒಣಗಾಕಿದ್ದ ಅವಳದೇ ಸೀರೆ, ಅವಳದೇ ಎಮ್ಮೆ, ಎಮ್ಮೆಯ ಕೊಂಬಿನ ನಡುವೆ ಸಾಸಿವೆ ಕಾಳಿನಷ್ಟು ಬೆಟ್ಟ.

“ಅಯ್ಯೋ ನನ್ನ ಪೆದ್ದೇ! ಇದು ನಮ್ಮ ಹಿತ್ಲು! ಇದನ್ನ ದಿನಾ ನೋಡಿ ನೋಡೇ ಕಣ್ಣು ಹೋಗ್ತಿರೋದು. ದೂರ ನಿಂತ್ರೆ ಏನು ಸಿಕ್ತದೋ? ಹತ್ರ ಹೋಗ್ಬೇಕು, ಹತ್ರ! ಎಷ್ಟು ಹತ್ರ ಹೋಗಾಕಾಯ್ತದೋ ಅಷ್ಟು ಹತ್ರ!”

“ಹೂಂ ಕಣವ್ವಾ, ಮುಂದಿನ್ಸಲ ಹಂಗೇ ಮಾಡ್ತೀನಿ,” ಅಂದ. ಹೊರಟ.

ಈ ಸಲ ಮೇಲೆ ಹತ್ತಿದ. ಬಂಡೆ ಮುಂದೆ ನಿಂತ. ಹತ್ರ ಹೋದ. ಇನ್ನೂ ಹತ್ರ ಹೋದ. ಕ್ಯಾಮೆರಾದ ಗಾಜನ್ನ ಬಂಡೆಗೆ ಅಂಟಿಸಿ, ಗುಬ್ಬಿ ಮರಿ ಮುದ್ದು ಮಾಡಿದಂಗೆ ಒತ್ತಿ ಹಿಡಿದು, ಟಕ್, ಟಕ್, ಟಕ್! ಹನ್ನೆರಡೂ ಮುಗಿಸ್ದ.

ತೊಳೆದೆ. ಹನ್ನೆರಡೂ ಕಾಡಿಗೆಯಷ್ಟು ಕಪ್ಪು.

“ಅಯ್ಯೋ ನನ್ನ ಪೆದ್ದೇ! ಇದ್ಯಾರ ಮನೆ ಬಾಣಲಿ ತಳವೋ?”

“ಬಂಡೆನೇ ಕಣವ್ವಾ! ಇದಕ್ಕಿಂತ ಹತ್ರ ಹೋಗ್ಬೇಕಂದ್ರೆ ಬಂಡೆ ಒಳಗೇ ಹೋಗ್ಬೇಕು!”

ನನಗೂ ತಡೀಲಿಲ್ಲ. “ಲೇ ಸಿಂಗ್ರ, ಕ್ಯಾಮೆರಾಗೆ ಬೆಳಕು ಬೇಕು ಕಣೋ! ಬೆಳಕು ಒಳಗೆ ಹೋದ್ರೇ ಪಟ! ಬಿಸಿಲು ಚೆನ್ನಾಗಿ ಒಳಕ್ಕೆ ಬಿಡ್ಬೇಕು!”

“ಹೂಂ ಕಣಣ್ಣಾ, ಮುಂದಿನ್ಸಲ ಹಂಗೇ ಮಾಡ್ತೀನಿ,” ಅಂದ. ಹೊರಟ.

ಮೇಲೆ ಹೋಗಿ ದೂರಾನೂ ಅಲ್ಲ, ಹತ್ರಾನೂ ಅಲ್ಲ, ಸರಿಯಾದ ಜಾಗದಲ್ಲಿ ನಿಂತ. ಹನ್ನೆರಡು ಪಟಾನೂ ಲಕ್ಷಣವಾಗಿ ತೆಗೆದ. ಆಮೇಲೆ ಕ್ಯಾಮೆರಾದ ಬೆನ್ನು ಬಿಚ್ಚಿದ. ರೋಲು ಹೊರಗೆಳೆದು, ಹಪ್ಪಳ ಹರವಿದಂಗೆ ಅದೇ ಬಂಡೆ ಮೇಲೆ ಹರವಿ, ಮಟಮಟ ಮಧ್ಯಾಹ್ನದ ಬಿಸಿಲು ಕುಡಿಸ್ದ. ಮೋಡ ಅಡ್ಡ ಬಂದಾಗ ಮೋಡಕ್ಕೆ ಬೈದ.

ತೊಳೆದೆ. ಹನ್ನೆರಡೂ ಹಾಲಿನಷ್ಟು ಬಿಳುಪು.

ದುಂಡಮ್ಮ ಈ ಸಲ ಬೈಲಿಲ್ಲ. ಆ ಬಿಳೀ ಕಾಗದಾನ ಕಣ್ಣಿಗೆ ಹತ್ತಿಸ್ಕೊಂಡು ನೋಡ್ತಾ ಕೂತಳು. “ಮಂಜು ಕಣೋ,” ಅಂದಳು. “ಮಾಗಿ ಬಂದ್ರೆ ನಮ್ಮಲ್ಲಿ ಹಿಂಗೇ ಕವಿಯೋದು. ತಂಗಿ ಕೈ ಹಿಡ್ಕೊಂಡಿದ್ರೂ ಮುಖ ಕಾಣ್ತಿರಲಿಲ್ಲ. ಬಂಡೆ ಇದರ ಹಿಂದೆ ಅದೆ, ಅಲ್ವಾ ಮಗಾ?”

“ಮಂಜೂ ಇಲ್ಲ ಗಿಂಜೂ ಇಲ್ಲ ಕಣವ್ವಾ! ಬಿಸ್ಲು! ಸೇರುಗಟ್ಟಲೆ ಕುಡ್ಸಿವ್ನಿ!”

ಆಗ ಅತ್ತಳು. “ನಿನ್ನ ಕೈಲಿ ಬೆಟ್ಟ ತರ್ಸೋದು ನನ್ನ ಹಣೇಲಿ ಬರ್ದಿಲ್ಲ. ಬೆಟ್ಟ ಬರಾಕಿಲ್ಲ ಬುಡು. ನನ್ನೇ ಕರ್ಕೊಂಡೋಗಿ ಆ ಬಂಡೆ ಮುಂದೆ ಕೂರ್ಸು. ನಾಕು ದಿನ ತವರಲ್ಲಿದ್ದು ಬತ್ತೀನಿ.”

“ಹೂಂ ಕಣವ್ವಾ,” ಅಂದ. ಬೆನ್ನ ಮೇಲೆ ಹೊತ್ಕೊಂಡ. ಹೆಸರಿಗೆ ತಕ್ಕ ದುಂಡಮ್ಮ ಅವಳು! ಮೂರು ಹೆಜ್ಜೆಗೆ ಇಬ್ಬರೂ ಗೊಬ್ಬರದ ಗುಂಡೀಲಿ.

ಅವರನ್ನ ಮೇಲಕ್ಕೆ ಎಳೀತಾ ನಾನು ಬೈದೆ, “ಲೇ ದಡ್ಡಾ, ಆಳನ್ನ ಹೊತ್ತು ಬೆಟ್ಟ ಹತ್ತಕ್ಕಾಯ್ತದಾ? ಪಟ ಆದ್ರೆ ಜೇಬಲ್ಲಿಟ್ಕೊಂಡು ಕಾಶಿಗೂ ಹೋಗ್ಬೋದು!”

ತಪ್ಪು ನಂದೇ ಅನ್ನಿ. ಸಿಂಗ್ರ ಓಡಿಹೋಗಿ ಕ್ಯಾಮೆರಾ ತಂದು, ಅವ್ವನ್ನ ಜಗಲಿ ಮೇಲೆ ಕೂರಿಸಿ, ಟಕ್ ಅಂತ ಒಂದು ತೆಗೆದ. ಜನ್ಮದಲ್ಲಿ ಅದೊಂದೇ ಪಟ ಅವನು ಸರಿಯಾಗಿ ತೆಗೆದದ್ದು. ತೊಳೆದು ಕೊಟ್ಟೆ, ಮುಖದ ಗೆರೆ ಒಂದೊಂದೂ ಎಣಿಸಬೋದಿತ್ತು. ಅದನ್ನ ಟವಲಲ್ಲಿ ಸುತ್ಕೊಂಡು, ಎರಡು ಸೇರು ಕಡಲೆಪುರಿ ಕಟ್ಕೊಂಡು, ಯಾರಿಗೂ ಹೇಳದೆ ಬೆಟ್ಟ ಹತ್ತಿದ. ಮಾರನೇ ದಿನ ಬರಿಗೈಯಲ್ಲಿ ಇಳಿದು ಬಂದ.

ದುಂಡಮ್ಮ ಒಲೆ ಮುಂದೆ ಕೂತು ಊದ್ತಾ ಇದ್ದಳು. ಸಿಂಗ್ರ ಹೊಸಿಲಲ್ಲೇ ಬೆಚ್ಚಿಬಿದ್ದ.

“ಅವ್ವಾ! ನೀನ್ಯಾಕೆ ಇಲ್ಲಿದ್ದೀಯೆ? ಈಗ ತಾನೆ ನಿನ್ನ ತವರಲ್ಲಿ ಬುಟ್ಟು ಬಂದ್ನಲ್ಲ!”

“ಅಯ್ಯೋ ನನ್ನ ಪೆದ್ದೇ!” ಅಂತ ಊದುಗೊಳವೆ ಎತ್ತಿದಳು.

ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು, “ದುಂಡಮ್ಮಾ, ಇದ್ದೀಯಾ?” ಅಂದಳು.

“ಇಲ್ಲ. ಅವ್ವ ತವರಿಗೆ ಹೋಗವ್ಳೆ,” ಅಂದ ಸಿಂಗ್ರ.

“ಮತ್ತೆ ಒಳಗೆ ಕೆಮ್ತಿರೋರ್ಯಾರೋ?”

“ಅವ್ವನ ಕೆಮ್ಮು ಕಣಕ್ಕಾ. ಅದನ್ನ ಕರ್ಕೊಂಡೋಗಾದು ಮರ್ತೋಯ್ತು.”

ಅವ್ವ ಊರಲ್ಲಿಲ್ಲ ಅಂತ ಸಿಂಗ್ರನೇ ಮುದ್ದೆ ತೊಳಸಿದ. ನಡುವೆ ಹಿಟ್ಟು ಹಸಿಹಸಿ. ಒಂದು ತಟ್ಟೆ ದುಂಡಮ್ಮನ ಮುಂದೂ ಇಟ್ಟ. ಅವಳು ಬೆರಳಾಡಿಸ್ತಾ ಕೂತಿದ್ದಳು. ತಿನ್ನಲಿಲ್ಲ.

“ಮಗಾ, ನಾನಲ್ಲಿ ಎಲ್ಲಿ ಕೂತಿದ್ದೆ?”

“ಜಗಲಿ ಮೇಲೆ, ಬಂಡೆಗೆ ಮುಖ ಮಾಡ್ಕೊಂಡು. ಚಿಕ್ಕವ್ವ ನಿನಗೆ ನೆಟಿಗೆ ತೆಗೆದ್ಲು. ಆಮೇಲೆ ಬೈದ್ಲು, ಬೈದ್ಲು! ‘ಈಗ ನೆಪ್ಪಾಯ್ತೇನೇ ಅಕ್ಕ ತಂಗಿ ಅಂತ?’ ನೀನೊಂದು ಮಾತಾಡ್ಲಿಲ್ಲ.”

“ಏನಂತ ಆಡ್ಲೋ! ಸಂಜೆ ಬಿಸ್ಲು ಬಿತ್ತಾ ಬಂಡೆ ಮೇಲೆ?”

“ಬಿತ್ತು. ಬಂಡೆ ಕೆಂಡದಂಗೆ ಕೆಂಪಾಯ್ತು. ನಿನ್ನ ಮುಖನೂ ಕೆಂಪಾಯ್ತು. ಕತ್ಲಾದ್ಮೇಲೆ ಚಿಕ್ಕವ್ವ ನಿನ್ನ ಒಳಗೆ ಕರ್ಕೊಂಡು, ತನ್ನ ಕಂಬಳಿನೇ ಹೊದ್ಸಿ ಮಗ್ಗುಲಲ್ಲಿ ಮಲಗಿಸ್ಕೊಂಡ್ಲು.”

ದುಂಡಮ್ಮ ಆ ಹಸಿ ಮುದ್ದೆ ಪೂರಾ ನುಂಗಿದಳು.

ಆಮೇಲೆ ದಿನಾ ಅದೇ. ಹಿತ್ತಲಿಗೆ ಹೋಗಿ ಆ ನೀಲಿ ಗುಪ್ಪೆ ಹುಡುಕೋದು ಬಿಟ್ಟಳು. ಮಗನನ್ನ ಎದುರಿಗೆ ಕೂರಿಸ್ಕೊಂಡು, “ಈಗ ನಾನೇನ್ಮಾಡ್ತಿದ್ದೀನಿ?” ಅನ್ನೋಳು. “ಈಗ ಚಿಕ್ಕವ್ವ ನಿನಗೆ ಹೇನು ನೋಡ್ತಾವ್ಳೆ,” ಅನ್ನೋನು ಅವನು.

ನಾಲ್ಕು ದಿನ ಆಯ್ತು. ಸಿಂಗ್ರ ಕೊಡೆ ಹಿಡ್ಕೊಂಡು ಹೊರಟು ನಿಂತ. “ಅವ್ವಾ, ನಿನ್ನ ಕರ್ಕೊಂಡು ಬತ್ತೀನಿ.”

ದುಂಡಮ್ಮ ಅವನ ಕೈ ಹಿಡಿದಳು. “ಬ್ಯಾಡ ಕಣ್ಮಗಾ. ಇನ್ನೂ ನಾಕು ದಿನ ಇರ್ತೀನಿ.”

“ಹೂಂ ಕಣವ್ವಾ,” ಅಂದ. ಆದರೂ ಹೊರಟ! ಎಂಟು ಮೈಲಿ ನಡೆದು, ಬೆಟ್ಟ ಹತ್ತಿ, ಏದುಸಿರು ಬಿಡ್ತಾ ಪಟದ ಮುಂದೆ ನಿಂತು ಕೂಗಿ ಹೇಳಿದ, “ಅವ್ವಾ! ಇನ್ನೂ ನಾಕು ದಿನ ಇರ್ತೀಯಂತೆ! ಅವ್ವ ಹೇಳಿ ಕಳ್ಸವ್ಳೆ!”

ಆ ಮಾತು ಕೇಳಿ ಪಟ ನಗ್ತು ಕಣ್ರಪ್ಪಾ. ನಾನು ತೊಳೆದಾಗ ಮುಚ್ಚಿದ್ದ ಬಾಯಿ ಬಿಟ್ಕೊಂಡು, ಮೂವತ್ತೆರಡೂ ಹಲ್ಲು ಕಾಣೋ ಹಂಗೆ ನಗ್ತು.

“ತಾತಾ,” ಅಂತ ಪುಟ್ಟಗೌರಿ ಲೋಟ ತೊಳೆಯೋದು ನಿಲ್ಲಿಸ್ದಳು. “ದುಂಡಮ್ಮ ನಮ್ಮಜ್ಜಿ ಗೆಳತಿ. ಅವಳಿಗೆ ಆಗ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ ಅಂತ ನಮ್ಮಜ್ಜಿ ಹೇಳೋಳು.”

ನಾನು ಹೆಗಲು ಕುಣಿಸ್ದೆ.

“ತವರಿಗೆ ಹೋದ್ಮೇಲೆ ಬಂದಿರ್ಬೇಕು,” ಅಂದೆ.