ಗುಂಡಿನ ಮೇಲಿನ ಹಕ್ಕಿ

“ಗುರುಗಳೇ, ಇಬ್ಬರು ಮಾಡಿದ ಲೆಕ್ಕ ತಾಳೆಯಾಗದಿದ್ದರೆ ಒಬ್ಬರ ಕೈ ತಪ್ಪಿರಲೇಬೇಕಲ್ಲವೇ?” ಎಂದು ಅಮೃತೇಶ ಕೇಳಿದ.

ಅವನು ಒಳಗೇ ಕುದಿಯುತ್ತಿದ್ದ. ಅವನೂ ಸೋಮಲಿಂಗನೂ ಗಣಿತ ಕಲಿಯಲು ಜೊತೆಯಾಗಿ ಬಂದವರು, ಜೊತೆಯಾಗಿಯೇ ಕೂತು ಲೆಕ್ಕ ಮಾಡುವವರು. ಹಿಂದಿನ ದಿನ ಗುರುಗಳು ಗೋಳದ ತಿರುವುಗಳ ಲೆಕ್ಕ ಕೊಟ್ಟಿದ್ದರು. ಒಂದು ಅವಕಲನ ಕ್ರಿಯೆ, ಅಂದರೆ ಕಿರಿದಾದ ಬದಲಾವಣೆಯನ್ನು ಲೆಕ್ಕ ಹಾಕುವ ಕ್ರಿಯೆ, ಗೋಳವನ್ನು ಚೂರೇ ಚೂರು ಮುಂದಕ್ಕೆ ಉರುಳಿಸುತ್ತದೆ, ಇನ್ನೊಂದು ಅಷ್ಟೇ ಪಕ್ಕಕ್ಕೆ. ಅಮೃತೇಶ ಮೊದಲು ಮುಂದಕ್ಕೆ ಉರುಳಿಸಿ ಆಮೇಲೆ ಪಕ್ಕಕ್ಕೆ ಉರುಳಿಸಿದ. ಸೋಮಲಿಂಗ ಮೊದಲು ಪಕ್ಕಕ್ಕೆ, ಆಮೇಲೆ ಮುಂದಕ್ಕೆ. ಉತ್ತರ ಬೇರೆಯಾಯಿತು.

“ನನ್ನದರಲ್ಲಿ ತಪ್ಪಿಲ್ಲ. ಅವನಿಗೆ ಗಮನವೇ ಇಲ್ಲ. ನಾಳೆಯಿಂದ ನಾನು ಬೇರೆ ಕೂರುತ್ತೇನೆ, ಅಪ್ಪಣೆ ಕೊಡಿ.”

“ಕೊಡೋಣಪ್ಪ, ಅವಸರವೇನು? ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗ ಇದ್ದ. ಗಂಡ ಹೆಂಡತಿ ಕೂಡಿಯೇ ಕೆಲಸ ಮಾಡುತ್ತಿದ್ದರು. ಕೆರೆ ಏರಿಯ ಮೇಲೆ ಇಡಲು ಊರವರು ಅವರಿಂದ ಒಂದು ಕಲ್ಲಿನ ಗುಂಡು ಮಾಡಿಸಿದರು. ಅದರ ನೆತ್ತಿಯಲ್ಲೊಂದು ಹಕ್ಕಿ. ಹಕ್ಕಿ ನೀರಿನ ಕಡೆ ನೋಡಬೇಕು. ಗುಂಡು ಕೂರುವ ಕಲ್ಲಿನ ಬಟ್ಟಲಿಗೆ ಇಳಿಸುವಾಗ ಹಾಳಾದ್ದು ಗುಡ್ಡದ ಕಡೆ ಮುಖ ಮಾಡಿ ಕೂತುಬಿಟ್ಟಿತು. ಬುಗುರಿಯ ಹಾಗೆ ತಿರುವೋಣವೆಂದರೆ ಹಿಡಿಯಲು ಹಕ್ಕಿ ಬಿಟ್ಟು ಬೇರೇನಿಲ್ಲ, ಹಿಡಿದರೆ ರೆಕ್ಕೆ ಮುರಿಯುತ್ತದೆ. ಮೊದಲು ಹೊಳಪು ಮುಗಿಯಲಿ, ಆಮೇಲೆ ಜನ ಕರೆದು ಎತ್ತಿಸೋಣ ಎಂದುಕೊಂಡರು.

ಅವನು ಒಂದು ಮಗ್ಗುಲಲ್ಲಿ ಕೂತ, ಅವಳು ಪಕ್ಕದ ಮಗ್ಗುಲಲ್ಲಿ. ಅವನು ಗುಂಡನ್ನು ಬೆರಳಗಲ ತನ್ನ ಕಡೆಗೆ ಉರುಳಿಸಿಕೊಳ್ಳುವನು, ಅವಳು ಬೆರಳಗಲ ತನ್ನ ಕಡೆಗೆ. ಇಬ್ಬರೂ ತಿಕ್ಕುವರು. ಆಮೇಲೆ ಅವನು ಅಷ್ಟೇ ಹಿಂದಕ್ಕೆ ದೂಡುವನು, ಅವಳೂ ಅಷ್ಟೇ ದೂಡುವಳು. ನ್ಯಾಯವಾಗಿ ಗುಂಡು ಮೊದಲಿದ್ದ ಹಾಗೇ ಇರಬೇಕು. ಆದರೆ ಹಕ್ಕಿಯ ಕೊಕ್ಕು ಪ್ರತಿಸಲವೂ ಒಂದಿಷ್ಟು ಜರುಗಿರುತ್ತಿತ್ತು.

‘ನೀನು ಸರಿಯಾಗಿ ದೂಡಲಿಲ್ಲ’ ಎಂದ ಅವನು. ‘ಅಯ್ಯೋ, ನಿಮ್ಮ ಕೈ ನೆಟ್ಟಗಿಲ್ಲದಿದ್ದರೆ ನನ್ನನ್ನೇಕೆ ಅನ್ನುತ್ತೀರಿ’ ಎಂದಳು ಅವಳು. ಮಾತಿಗೆ ಮಾತು ಬೆಳೆಯಿತು. ಅವಳು ಬಟ್ಟೆಬರೆ ಗಂಟು ಕಟ್ಟಿಕೊಂಡು ತವರಿಗೆ ಹೊರಟೇಬಿಟ್ಟಳು.

ಏರಿಯ ತುದಿಯ ತನಕ ಹೋದವಳಿಗೆ ಮನಸ್ಸು ತಡೆಯಲಿಲ್ಲ. ತಿರುಗಿ ಬಂದು ಗಂಟು ಕೆಳಗಿಟ್ಟಳು. ‘ಇನ್ನೊಂದು ಸಲ ಮಾಡೋಣ. ಹಕ್ಕಿಯನ್ನು ನೋಡುವುದು ಬೇಡ. ನಾನು ನಿಮ್ಮ ಕೈ ನೋಡುತ್ತೇನೆ, ನೀವು ನನ್ನ ಕೈ ನೋಡಿ.’

ಮಾಡಿದರು. ಅವಳ ಕೈ ಎಳ್ಳಷ್ಟೂ ತಪ್ಪಲಿಲ್ಲ, ಅವನ ಕೈಯೂ ತಪ್ಪಲಿಲ್ಲ. ಕೊಕ್ಕು ಮಾತ್ರ ಮತ್ತೆ ಅದೇ ಕಡೆಗೆ, ನೀರಿನ ಕಡೆಗೆ, ಒಂದಿಷ್ಟು ಜರುಗಿತ್ತು. ಸುಮ್ಮಸುಮ್ಮನೆ ಅವಳನ್ನು ಅಂದೆನಲ್ಲ ಎಂದು ಕಲ್ಲುಕುಟಿಗನಿಗೆ ಸಂಕಟವಾಯಿತು. ‘ಹಾಗೇ ಮಾಡುತ್ತಾ ಹೋಗೋಣ ಕಣೇ’ ಎಂದ. ಸಂಜೆಯ ಹೊತ್ತಿಗೆ ಹಕ್ಕಿ ನೀರಿನ ಕಡೆ ನೋಡುತ್ತಿತ್ತು. ಅವನೊಬ್ಬನೇ ಎಷ್ಟು ಉರುಳಿಸಿದ್ದರೂ ಅದು ಹಾಗೆ ತಿರುಗುತ್ತಿರಲಿಲ್ಲ, ಅವಳೊಬ್ಬಳಿಂದಲೂ ಆಗುತ್ತಿರಲಿಲ್ಲ.

ಕತೆ ಮುಗಿಸಿ ಗುರುಗಳು ಸೋಮಲಿಂಗನ ಲೆಕ್ಕದ ಹಲಗೆಯನ್ನು ಅಮೃತೇಶನ ಮುಂದಿಟ್ಟರು. “ನಿನ್ನ ಉತ್ತರದಲ್ಲಿ ಅವನದನ್ನು ಕಳೆ.”

ಅಮೃತೇಶ ಕಳೆದ. ಮಿಕ್ಕಿದ್ದೆಲ್ಲ ಹೊಡೆದುಹೋಗಿ ಒಂದೇ ಕ್ರಿಯೆ ಉಳಿಯಿತು. ಗೋಳವನ್ನು ಬುಗುರಿಯ ಹಾಗೆ ತಿರುವುವ ಕ್ರಿಯೆ. ಅದನ್ನು ಅವನೂ ಮಾಡಿರಲಿಲ್ಲ, ಸೋಮಲಿಂಗನೂ ಮಾಡಿರಲಿಲ್ಲ. ಅಮೃತೇಶನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

“ಅವನ ಹಲಗೆ ನಿಮ್ಮ ಹತ್ತಿರ ಹೇಗೆ ಬಂತು?” ಎಂದು ಮೆಲ್ಲಗೆ ಕೇಳಿದ.

“ಬೆಳಿಗ್ಗೆ ಅವನೇ ತಂದುಕೊಟ್ಟ ಕಣಪ್ಪ, ತಪ್ಪು ತನ್ನದೇ ಇರಬೇಕು, ಅಮೃತೇಶನದು ಆಗಿರಲಾರದು ಅಂತ.”